ಮನೋದೈಹಿಕ ಬೇನೆಗಳು: ಉಮರ್ಗಾ, ನಿಲಂಗಾ, ಉದಗೀರ ಗಡಿಸೀಮೆ

ನೋವು, ಸುಸ್ತು, ತಲೆಸುತ್ತು, ಎದೆಬಡಿತ, ಹೊಟ್ಟೆಸಂಕಟದಂಥ ಮೈಯ ಲಕ್ಷಣಗಳು ತಿಂಗಳುಗಟ್ಟಲೆ ಬಿಡದೆ ಕಾಡಿ, ಅವುಗಳ ಚಿಂತೆಯೇ ದಿನದ ಬದುಕನ್ನು ಆವರಿಸಿಕೊಂಡಾಗ ಅದನ್ನು ಮನೋದೈಹಿಕ ಬೇನೆ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಇದರ ಹೆಸರು ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಇದಕ್ಕೆ ಬಾಡಿಲಿ ಡಿಸ್ಟ್ರೆಸ್ ಡಿಸಾರ್ಡರ್ ಎಂದಿದೆ. ಸಾಮಾನ್ಯ ಜನರಲ್ಲಿ ಶೇಕಡಾ 5ರಿಂದ 7ರಷ್ಟು ಮಂದಿಗೆ ಇದು ಇರಬಹುದೆಂಬ ಅಂದಾಜಿದೆ. ಹೆಂಗಸರಲ್ಲಿ ಹೆಚ್ಚು.

ಹಳೆಯ ಕೈಪಿಡಿಗಳು ಪರೀಕ್ಷೆಯಲ್ಲಿ ಕಾರಣ ಸಿಗದ ನೋವನ್ನು ಮಾತ್ರ ಈ ಗುಂಪಿಗೆ ಸೇರಿಸುತ್ತಿದ್ದವು. 2013ರ ವ್ಯಾಖ್ಯೆ ಆ ಷರತ್ತನ್ನು ಕೈಬಿಟ್ಟಿತು. ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ನಿಜವಾಗಿ ಇದ್ದವರಿಗೂ ಈ ಬೇನೆ ಬರಬಹುದು. ಲಕ್ಷಣದ ಬಗೆಗಿನ ಭಯ, ಯೋಚನೆ, ಓಡಾಟ ಅಳತೆ ಮೀರಿವೆಯೇ, ಸಾಮಾನ್ಯವಾಗಿ ಆರು ತಿಂಗಳಿಗೂ ಹೆಚ್ಚು ಕಾಲ ಹಾಗೆಯೇ ಉಳಿದಿವೆಯೇ ಎಂಬುದನ್ನು ಈಗ ನೋಡುತ್ತಾರೆ. ಇದು ನಟನೆಯಲ್ಲ. ಬೇಕೆಂದೇ ಲಕ್ಷಣ ಸೃಷ್ಟಿಸಿಕೊಳ್ಳುವುದಕ್ಕೆ ವೈದ್ಯಶಾಸ್ತ್ರದಲ್ಲಿ ಬೇರೆಯೇ ಹೆಸರುಗಳಿವೆ. ಮನೋದೈಹಿಕ ಬೇನೆಯಲ್ಲಿ ನೋವು ನಿಜವಾದ ನೋವೇ.

ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ಉಮರ್ಗಾ, ಲಾತೂರ ಜಿಲ್ಲೆಯ ನಿಲಂಗಾ ಮತ್ತು ಉದಗೀರ, ಈ ಮೂರೂ ತಾಲೂಕುಗಳು ಕರ್ನಾಟಕದ ಬೀದರ, ಕಲಬುರಗಿ ಸೀಮೆಗೆ ಅಂಟಿಕೊಂಡಿವೆ. 1948ರವರೆಗೆ ಇವೆಲ್ಲ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಮನೆಯೊಳಗೆ ಕನ್ನಡ, ಬಜಾರಿನಲ್ಲಿ ಮರಾಠಿ, ಹಳೆಯ ಕಾಗದಪತ್ರಗಳಲ್ಲಿ ಉರ್ದು ಎನ್ನುವ ಕುಟುಂಬಗಳು ಇಲ್ಲಿ ಅಪರೂಪವಲ್ಲ. ಉಮರ್ಗಾದವರು ಸೋಲಾಪುರ-ಹೈದರಾಬಾದ್ ಹೆದ್ದಾರಿ ಹಿಡಿದು ಸೋಲಾಪುರದ ದವಾಖಾನೆಗೆ ಹೋಗುತ್ತಾರೆ. ಉದಗೀರದವರಿಗೆ ಕಮಲನಗರ, ಭಾಲ್ಕಿ ದಾಟಿ ಬೀದರಕ್ಕೆ ರೈಲಿದೆ. ಹೀಗೆ ಇಲ್ಲಿನ ರೋಗಿ ತನ್ನ ಬೇನೆಯನ್ನು ಹಲವು ಸಲ ತನ್ನದಲ್ಲದ ಮಾತಿನಲ್ಲಿ ಹೇಳಬೇಕಾಗುತ್ತದೆ.

ಹೇಳುವ ರೀತಿಯಲ್ಲೇ ರೋಗದ ಸುಳಿವಿರುತ್ತದೆ. 'ಜೀವ ಘಾಬರಿ ಆಗ್ಲತ್ತದ', 'ಎದಿ ಧಡಧಡ ಅಂತದ', 'ಚಕ್ಕರ ಬರ್ಲತ್ತದ', 'ಕೈಕಾಲಾಗ ಜುಮುಜುಮು' ಎಂದು ಕನ್ನಡದಲ್ಲಿ. ಅದನ್ನೇ ಮರಾಠಿಯಲ್ಲಿ 'ಮುಂಗ್ಯಾ ಯೇತಾತ್', 'ಅಂಗ ದುಖತಂ' ಎಂದು. ಮನಸ್ಸಿಗೆ ಬೇಸರವಾಗಿದೆ, ದುಃಖವಾಗಿದೆ ಎಂಬ ಮಾತು ಮೊದಲ ಭೇಟಿಯಲ್ಲಿ ಬರುವುದೇ ಇಲ್ಲ ಎನ್ನಬಹುದು. ಇದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರ್. ರಘುರಾಮ್, ಮಿಚೆಲ್ ವೈಸ್, ಎಸ್.ಎಂ. ಚನ್ನಬಸವಣ್ಣ ಮೊದಲಾದವರು 80 ರೋಗಿಗಳ ಅಧ್ಯಯನ ನಡೆಸಿ 1996ರಲ್ಲಿ ಪ್ರಕಟಿಸಿದರು. ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವರಲ್ಲಿ ಕಳಂಕದ ಭಾವನೆಯೂ ಹೆಚ್ಚಿತ್ತು. ಮೈನೋವಿನ ರೂಪದಲ್ಲಿ ಹೇಳಿಕೊಂಡವರಲ್ಲಿ ಅದು ಕಡಿಮೆ ಇತ್ತು. ಮೈಕೈ ನೋವು ಎಲ್ಲರಿಗೂ ಬರುತ್ತದೆ, ಹೇಳಿಕೊಂಡರೆ ಮಾನ ಹೋಗುವುದಿಲ್ಲ. ಮನಸ್ಸಿನದು ಎಂದು ಹೊರಗೆ ಗೊತ್ತಾದರೆ ಮಗಳ ಮದುವೆಗೇ ಅಡ್ಡಿ. ಈ ಲೆಕ್ಕಾಚಾರ ಬಹಳ ವಿವೇಕದ್ದು.

ಈ ಸೀಮೆಯಲ್ಲಿ ದೇಹ ಮತ್ತು ಮನಸ್ಸಿನ ನಂಟನ್ನು ಹೇಳುವಾಗ 1993ರ ಸೆಪ್ಟೆಂಬರ್ 30ರ ನಸುಕನ್ನು ಬಿಟ್ಟು ಮುಂದೆ ಹೋಗಲಾಗದು. ಹಿಂದಿನ ರಾತ್ರಿ ಗಣಪತಿಯನ್ನು ಕಳಿಸಿ ಜನ ಮಲಗಿದ್ದರು. 3 ಗಂಟೆ 56 ನಿಮಿಷಕ್ಕೆ ಔಸಾ ತಾಲೂಕಿನ ಕಿಲ್ಲಾರಿ ಸುತ್ತ ನೆಲ ನಡುಗಿತು, ತೀವ್ರತೆ 6.2ರ ಆಸುಪಾಸು. ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ ನೆಲಸಮವಾಯಿತು. ಕೊಂದದ್ದು ಹೆಚ್ಚಾಗಿ ಮನೆಗಳೇ: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಬಿಸಿಲು ತಡೆಯಲೆಂದು ಹೇರಿದ ಮಣ್ಣಿನ ಮಾಳಿಗೆ. ಸತ್ತವರು ಎಂಟರಿಂದ ಹತ್ತು ಸಾವಿರ. 52 ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು.

ಬದುಕುಳಿದವರ ಮಾನಸಿಕ ಆರೋಗ್ಯದ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ದೀರ್ಘಕಾಲದ ಅಧ್ಯಯನ ಕೈಗೊಂಡಿತು. ಅದರ ಮುಖ್ಯಸ್ಥರು ಪುಣೆಯ ಮನೋವೈದ್ಯ, ಮರಾಠಿ ರಂಗಭೂಮಿಯ ಹೆಸರಾಂತ ನಟ ಮೋಹನ ಆಗಾಶೆ. ವಿಪತ್ತು ನಡೆದಾಗ ಕಂಬಳಿ, ಔಷಧದ ಜೊತೆಗೆ ಮನಸ್ಸಿನ ಆರೈಕೆಯೂ ಬೇಕೆಂಬ ಅರಿವು ದೇಶದಲ್ಲಿ ಗಟ್ಟಿಯಾಗಲು ಕಿಲ್ಲಾರಿ ಒಂದು ಮುಖ್ಯ ಕಾರಣ. ದೊಡ್ಡ ಭೂಕಂಪ ಕಂಡವರಿಗೆ ನೆಲ ಸುಮ್ಮನಿದ್ದರೂ ಅಲುಗಿದಂತಾಗುವುದು, ಸಣ್ಣ ಸದ್ದಿಗೆ ಎದೆ ಹೊಡೆದುಕೊಳ್ಳುವುದು, ಸೂರಿನ ಕೆಳಗೆ ನಿದ್ದೆ ಬಾರದಿರುವುದು ಲೋಕದ ಎಲ್ಲೆಡೆ ಕಂಡ ಸಂಗತಿ. 2011ರ ಭೂಕಂಪದ ನಂತರ ಜಪಾನಿನಲ್ಲಿ ಇಂಥ ತಲೆಸುತ್ತು ಎಷ್ಟೋ ಜನರನ್ನು ಕಾಡಿತು.

ಮನಸ್ಸಿನ ಸಂಕಟ ಮೈಗೆ ಇಳಿಯುವ ದಾರಿ ಗುಟ್ಟೇನಲ್ಲ. ಭಯವಾದಾಗ ಮೆದುಳು ಸ್ವಯಂಚಾಲಿತ ನರವ್ಯೂಹವನ್ನು ಎಬ್ಬಿಸುತ್ತದೆ. ಅಡ್ರಿನಲಿನ್ ಹರಿದು ಗುಂಡಿಗೆಯ ಬಡಿತ ಜೋರಾಗುತ್ತದೆ, ಕರುಳು ಕಿವುಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಸಾಲ, ಮಳೆ ಬಾರದ ಹಂಗಾಮು, ಕುಡುಕ ಗಂಡ ಎಂದು ಭಯಕ್ಕೆ ಕೊನೆಯೇ ಇಲ್ಲದಾಗ ಕಾರ್ಟಿಸಾಲ್ ಹಾರ್ಮೋನಿನ ದಿನದ ಲಯ ಕೆಡುತ್ತದೆ, ನಿದ್ದೆ ಹಾಳಾಗುತ್ತದೆ. ಬೆನ್ನುಹುರಿ ಮತ್ತು ಮೆದುಳಿನ ನೋವಿನ ಜಾಲವೇ ಸೂಕ್ಷ್ಮವಾಗಿ, ಸಣ್ಣ ದನಿಯ ರೇಡಿಯೋವನ್ನು ಪೂರ್ತಿ ಏರಿಸಿಟ್ಟಂತೆ, ದಿನನಿತ್ಯದ ಸಣ್ಣ ಸಂವೇದನೆಯೂ ದೊಡ್ಡ ನೋವಾಗಿ ಕೇಳಿಸತೊಡಗುತ್ತದೆ.

ಆ 'ಜುಮುಜುಮು' ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ಬಹಳ ಸಲ ಉಸಿರಿನಿಂದ. ಗಾಬರಿಗೊಂಡವರು ತಮಗೇ ಗೊತ್ತಿಲ್ಲದೆ ಬೇಗಬೇಗ ಉಸಿರಾಡುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ರಕ್ತ ಇನ್ನಷ್ಟು ಕ್ಷಾರೀಯವಾಗುತ್ತದೆ, ಬಿಡಿಯಾಗಿ ಸಿಗಬೇಕಾದ ಕ್ಯಾಲ್ಸಿಯಂ ಪ್ರೋಟೀನಿಗೆ ಅಂಟಿಕೊಂಡು ಕಡಿಮೆಯಾಗುತ್ತದೆ. ಆಗ ತುಟಿ, ಬೆರಳು ಜುಮ್ಮೆನ್ನುತ್ತವೆ, ಕೆಲವೊಮ್ಮೆ ಕೈ ಸೆಟೆದುಕೊಳ್ಳುತ್ತದೆ. ಮೈಯಲ್ಲಿ ದೇವರು ಬಂತು, ಪಾರ್ಶ್ವವಾಯು ಹೊಡೆಯಿತು ಎಂದು ಮನೆಮಂದಿ ಹೆದರುತ್ತಾರೆ, ಉಸಿರು ಇನ್ನೂ ಜೋರಾಗುತ್ತದೆ. ಹತ್ತು ನಿಮಿಷ ನಿಧಾನವಾಗಿ ಉಸಿರಾಡಿಸಿದರೆ ಇದು ಇಳಿಯುತ್ತದೆ. ಆದರೆ ಮೊದಲ ಸಲ ಬಂದಾಗ, ಅದರಲ್ಲೂ ಒಂದೇ ಬದಿಯ ಕೈಕಾಲು ಸೋತಿದ್ದರೆ ಅಥವಾ ಎದೆನೋವಿದ್ದರೆ, ತಡಮಾಡದೆ ದವಾಖಾನೆಗೆ ಒಯ್ಯಬೇಕು.

ಗಡಿಭಾಗದಲ್ಲಿ ಇದಕ್ಕೆ ಸಿಗುವ ಚಿಕಿತ್ಸೆ ಹೆಚ್ಚಾಗಿ ಒಂದು ಸೂಜಿ, ಒಂದು ಸಲಾಯಿನ್ ಬಾಟಲಿ. ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಚೀಟಿಗಳು, ಮಡಿಚಿದ ಇಸಿಜಿ ಪಟ್ಟಿ, ಎಂಆರ್‌ಐ ಫಿಲ್ಮು ತುಂಬಿಕೊಂಡು ಬರುವ ಐವತ್ತರ ಹೆಂಗಸನ್ನು ಇಲ್ಲಿನ ಯಾವ ವೈದ್ಯರು ನೋಡಿಲ್ಲ? ಆಕೆಯನ್ನು ಮಲಗಿಸಿ ಸಲಾಯಿನ್ ಹಚ್ಚಿದರೆ ಒಂದು ತಾಸಿನಲ್ಲಿ ಹಗುರಾಗುತ್ತಾಳೆ. ಉಪ್ಪುನೀರಿನಲ್ಲಿ ಅಂಥ ಶಕ್ತಿಯಿಲ್ಲ. ಮಲಗಿದ್ದು, ಉಸಿರು ತಿಳಿಯಾದದ್ದು, ಮನೆಯವರು ಪಕ್ಕದಲ್ಲಿ ಕುಳಿತು ಕಾಳಜಿ ಮಾಡಿದ್ದು ಕೆಲಸ ಮಾಡಿವೆ. ಮರುವಾರ ಆಕೆ ಮತ್ತೆ ಬರುತ್ತಾಳೆ, ಮತ್ತೊಂದು ಸ್ಕ್ಯಾನ್ ಬರೆಯಲಾಗುತ್ತದೆ, ಸಾಲ ಬೆಳೆಯುತ್ತದೆ. ಕೊನೆಗೆ 'ನಿಮಗೇನೂ ಆಗಿಲ್ಲ' ಎಂಬ ಮಾತು ಕೇಳಿ ಇನ್ನೊಂದು ಊರಿನ ದಾರಿ ಹಿಡಿಯುತ್ತಾಳೆ. ವೈದ್ಯರು ಆಡಬಹುದಾದ ಮಾತುಗಳಲ್ಲಿ ಇದಕ್ಕಿಂತ ಕೆಟ್ಟದ್ದು ಕಡಿಮೆ.

ಆಕೆಯ ಸುಸ್ತನ್ನು ರಕ್ತಹೀನತೆಯೆಂದು ಭಾವಿಸಿ ಕಬ್ಬಿಣದ ಗುಳಿಗೆ ಕೊಡುವುದೂ ಉಂಟು. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ಸುಮಾರು 2,500 ಮಹಿಳೆಯರನ್ನು ಅಭ್ಯಸಿಸಿ 2005ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಶೇಕಡಾ 12ರಷ್ಟು ಮಂದಿಗೆ ಆರು ತಿಂಗಳಿಗೂ ಹೆಚ್ಚಿನ ಸುಸ್ತಿತ್ತು. ಅದಕ್ಕೆ ಹಿಮೋಗ್ಲೋಬಿನ್ ಜೊತೆ ನಂಟು ಕಾಣಲಿಲ್ಲ. ಬಡತನ, ಮನೆಯೊಳಗಿನ ಹಿಂಸೆ, ಮನಸ್ಸಿನ ಕುಗ್ಗುವಿಕೆಗಳ ಜೊತೆ ಕಂಡಿತು.

ಹಾಗೆಂದು ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದೂ ಅಪಾಯವೇ. ಹಿಂದಿನ ಡಿಎಸ್‌ಎಂ-4ರ ಸಮಿತಿಗೆ ಮುಖ್ಯಸ್ಥರಾಗಿದ್ದ ಅಲೆನ್ ಫ್ರಾನ್ಸಿಸ್ 2013ರಲ್ಲೇ ಎಚ್ಚರಿಸಿದ್ದರು: ಹೊಸ ವ್ಯಾಖ್ಯೆ ಎಷ್ಟು ಸಡಿಲವೆಂದರೆ ಕ್ಯಾನ್ಸರ್, ಹೃದ್ರೋಗ ಇದ್ದವರಲ್ಲಿ ಏಳರಲ್ಲಿ ಒಬ್ಬರಿಗೆ ಈ ಹಣೆಪಟ್ಟಿ ಬೀಳಬಹುದು. ಹೆಣ್ಣುಮಕ್ಕಳ ನೋವನ್ನು ಕೇಳುವ ಮೊದಲೇ 'ಟೆನ್ಶನ್' ಎಂದು ಬರೆದುಬಿಡುವ ರೂಢಿ ಇರುವಲ್ಲಿ ಈ ಮಾತು ಇನ್ನೂ ನಿಜ. ತೂಕ ಇಳಿಯುವುದು, ಜ್ವರ, ರಕ್ತಸ್ರಾವ, ನಲವತ್ತು ದಾಟಿದವರ ಎದೆನೋವು ಇದ್ದರೆ ಮೊದಲು ದೇಹವನ್ನೇ ಸರಿಯಾಗಿ ಪರೀಕ್ಷಿಸಬೇಕು.

ಗುಣವಾಗುವ ದಾರಿ ದುಬಾರಿಯದಲ್ಲ. ಒಬ್ಬರೇ ವೈದ್ಯರು, ನೋವು ಹೆಚ್ಚಾಗಲಿ ಬಿಡಲಿ, ನಿಗದಿ ಮಾಡಿದ ದಿನಕ್ಕೆ ಭೇಟಿ, ಪ್ರತಿಸಲ ಮೈಮುಟ್ಟಿ ಪರೀಕ್ಷೆ, ಅನಗತ್ಯ ಸ್ಕ್ಯಾನ್ ಇಲ್ಲ. ಅಮೆರಿಕದ ರಿಚರ್ಡ್ ಸ್ಮಿತ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಷ್ಟನ್ನೇ ಒಂದು ಪತ್ರದಲ್ಲಿ ಬರೆದು ರೋಗಿಗಳ ವೈದ್ಯರಿಗೆ ಕಳಿಸಿದಾಗ ಚಿಕಿತ್ಸೆಯ ಖರ್ಚು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಯೋಚನೆಯ ಜಾಡು ಬದಲಿಸುವ ಆಪ್ತಸಮಾಲೋಚನೆ, ಮೆಲ್ಲಗೆ ಹೆಚ್ಚಿಸುವ ನಡಿಗೆ, ಬೇಕಿದ್ದವರಿಗೆ ಖಿನ್ನತೆ ನಿವಾರಕ ಗುಳಿಗೆ ಫಲ ಕೊಡುತ್ತವೆ. ಎಲ್ಲಕ್ಕೂ ಮೊದಲು 'ಯವ್ವಾ, ನಿದ್ದಿ ಬರ್ತದೇನು? ಮನ್ಯಾಗ ಎಲ್ಲಾ ಛಂದ ಅದಾರೇನು?' ಎಂದು ರೋಗಿಯ ಮಾತಿನಲ್ಲೇ ಕೇಳಬೇಕು. ಉದಗೀರ, ಉಮರ್ಗಾದ ದವಾಖಾನೆಗಳಲ್ಲಿ ಕನ್ನಡ ಬಲ್ಲ ಒಬ್ಬ ಸಮಾಲೋಚಕರಾದರೂ ಇರಬೇಕೆಂಬುದು ಅತಿಯಾಸೆಯಲ್ಲ.

ರೈತರ ಆತ್ಮಹತ್ಯೆಗಳ ಹಿನ್ನೆಲೆಯಲ್ಲಿ ಮಹಾರಾಷ್ಟ್ರ ಸರ್ಕಾರ ಮರಾಠವಾಡ, ವಿದರ್ಭಗಳ 14 ಜಿಲ್ಲೆಗಳಿಗೆ 'ಪ್ರೇರಣಾ ಪ್ರಕಲ್ಪ' ತಂದಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕುಗ್ಗಿದವರನ್ನು ಗುರುತಿಸಬೇಕೆಂಬುದು ಅದರ ಉದ್ದೇಶ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಅದರ ಸಂಖ್ಯೆ 14416. ದಿನದ 24 ತಾಸೂ ಉಚಿತ, ಕನ್ನಡದಲ್ಲೂ ಮಾತಾಡಬಹುದು, ಮರಾಠಿಯಲ್ಲೂ ಮಾತಾಡಬಹುದು.