ಡ್ರೆಸ್ಸೇಜ್ ಕುದುರೆಯ ಫೋಟೊ: ಗೊರಸಿನ ತಾಳ ಎಣಿಸಿ, ಆಮೇಲೆ ಕ್ಲಿಕ್ ಮಾಡಿ

ರೇಸ್‌ನಲ್ಲಿ ಗೆಲ್ಲೋದು ವೇಗ, ಡ್ರೆಸ್ಸೇಜ್‌ನಲ್ಲಿ ಗೆಲ್ಲೋದು ನಡಿಗೆ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ಸವಾರನ ಸೂಚನೆಯಂತೆ ಕುದುರೆ ಹೆಜ್ಜೆ ಹಾಕಬೇಕು. ಒಂದೊಂದು ಚಲನೆಗೂ ತೀರ್ಪುಗಾರರು 10ಕ್ಕೆ ಇಷ್ಟು ಅಂತ ಅಂಕ ಕೊಡ್ತಾರೆ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ತಂಡ ಈ ಸ್ಪರ್ಧೆಯಲ್ಲೇ ಚಿನ್ನ ಗೆದ್ದಿತ್ತು. ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಇವೆಂಟಿಂಗ್‌ನಲ್ಲೂ ಮೊದಲ ಹಂತ ಡ್ರೆಸ್ಸೇಜ್.

ಕುದುರೆ ನಿಧಾನವಾಗಿ ಹೋಗುತ್ತಲ್ಲ, ಫೋಟೊ ಸುಲಭ ಅನಿಸಬಹುದು. ಆದರೆ ಅರೆಕ್ಷಣ ತಪ್ಪಿದರೂ ಚೆನ್ನಾಗಿ ನಡೆದ ಕುದುರೆ ಮುಗ್ಗರಿಸಿದಂತೆ ಕಾಣುತ್ತೆ.

ಯಾವಾಗ ಕ್ಲಿಕ್ ಮಾಡಬೇಕು?

ವಾಕ್: ನಾಲ್ಕು ತಾಳದ ನಡಿಗೆ. ಒಂದೇ ಬದಿಯ ಹಿಂಗಾಲು ಮುಂಗಾಲಿನ ಹತ್ತಿರ ಬಂದು, ಎರಡೂ ಸೇರಿ ಇಂಗ್ಲಿಷ್‌ನ ‘ವಿ’ ಅಕ್ಷರದಂತೆ ಕಾಣುವಾಗ.

ಟ್ರಾಟ್: ಎರಡು ತಾಳ. ಬಲ ಮುಂಗಾಲು, ಎಡ ಹಿಂಗಾಲು ಜೋಡಿಯಾಗಿ ಏಳುತ್ತವೆ. ಆಮೇಲೆ ಇನ್ನೊಂದು ಜೋಡಿ. ಮುಂಗಾಲು ಪೂರ್ತಿ ಮುಂದಕ್ಕೆ ಚಾಚಿದಾಗ.

ಕ್ಯಾಂಟರ್: ಮೂರು ತಾಳ. ಎದೆಭಾಗ ಮೇಲೆದ್ದಾಗ. ಭಾರವೆಲ್ಲ ಮುಂಗಾಲಿನ ಮೇಲೆ ಬಿದ್ದ ಕ್ಷಣ ಬೇಡ, ಕುದುರೆ ಇಳಿಜಾರಲ್ಲಿ ಹೋದಂತೆ ಕಾಣುತ್ತೆ.

ಎಲ್ಲಿ, ಹೇಗೆ?

ಅಂಕಣದ ಮೂಲೆಯ ಹೊರಗೆ ಮಂಡಿಯೂರಿ, ಕ್ಯಾಮೆರಾವನ್ನು ಕುದುರೆಯ ಎದೆಮಟ್ಟಕ್ಕೆ ಹಿಡಿಯಿರಿ. ಕರ್ಣದ ಗುಂಟ ಬರುವ ಕುದುರೆ ಅಲ್ಲಿಂದ ಚೆನ್ನಾಗಿ ಸಿಗುತ್ತೆ. 70-200 ಎಂ.ಎಂ. ಲೆನ್ಸ್ ಸಾಕು. ಶಟರ್ ವೇಗ ಸೆಕೆಂಡಿನ 1/1000 ಭಾಗ ಅಥವಾ ಇನ್ನೂ ಹೆಚ್ಚಿರಲಿ. ಮೊಬೈಲ್ ಹಿಡಿದು ತೀರಾ ಹತ್ತಿರ ಹೋದರೆ ತಲೆ ದೊಡ್ಡದಾಗಿ, ಹಿಂಭಾಗ ಸಣ್ಣದಾಗಿ ಬರುತ್ತೆ. ದೂರ ನಿಂತು ಜೂಮ್ ಮಾಡಿ.

ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿರೋದರಿಂದ ಸುತ್ತ ಹೆಚ್ಚುಕಮ್ಮಿ ಎಲ್ಲವೂ ಕಾಣುತ್ತೆ. ತಟ್ಟನೆ ಬೆಳಕು ಬಿದ್ದರೆ ಬೆದರಿ, ಸವಾರನನ್ನು ಕೆಡವಲೂಬಹುದು.

ಯಾವ ಫೋಟೊ ಉಳಿಸಿಕೊಳ್ಳಬೇಕು?

ಕಿವಿ ಮುಂದಕ್ಕೆ ಅಥವಾ ಸವಾರನ ಕಡೆಗೆ ತಿರುಗಿರಬೇಕು. ಎರಡು ಕಿವಿಗಳ ನಡುವಿನ ನೆತ್ತಿಯೇ ಎಲ್ಲಕ್ಕಿಂತ ಎತ್ತರದಲ್ಲಿರಬೇಕು, ಮೂಗು ಸ್ವಲ್ಪ ಮುಂದಿರಬೇಕು. ಲಗಾಮು ಜಗ್ಗಿ ಮೂಗನ್ನು ಎದೆಗೆ ಒತ್ತಿದ ಕುದುರೆ ನೋಡೋಕೆ ಠೀವಿಯಾಗಿರಬಹುದು, ಆದರೆ ನಿಯಮದ ಪ್ರಕಾರ ಅದು ತಪ್ಪು. ಹಾಗಂತ ಅಂಥ ಒಂದೇ ಫೋಟೊ ಹಂಚಿ ಸವಾರನನ್ನು ದೂರೋದೂ ಸರಿಯಲ್ಲ. ಒಂದು ಕ್ಷಣಕ್ಕೆ ಯಾವ ಕುದುರೆಯೂ ಹಾಗೆ ಕಾಣಬಹುದು. ಮುಂಚಿನ, ಆಮೇಲಿನ ಫೋಟೊಗಳನ್ನೂ ನೋಡಿ ತೀರ್ಮಾನಿಸಬೇಕು.

ಸ್ಪರ್ಧೆ ಮುಗೀತು ಅಂತ ಕ್ಯಾಮೆರಾ ಇಳಿಸಬೇಡಿ. ಕೊನೆಯ ವಂದನೆ ಆದಮೇಲೆ ಸವಾರರು ಲಗಾಮು ಸಡಿಲಿಸಿ ಕುದುರೆಯ ಕತ್ತು ತಟ್ಟುತ್ತಾರೆ. ಎಷ್ಟೋ ಸಲ ಆ ದಿನದ ಒಳ್ಳೆಯ ಫೋಟೊ ಅದೇ ಆಗಿರುತ್ತೆ.