ಚಕ್ರದೊಳಗಿನ ‘ವ್ಯ’

ಮಾಘನ ‘ಶಿಶುಪಾಲವಧ’ದ 19ನೆಯ ಸರ್ಗದ ಕೊನೆಯ ಪದ್ಯವನ್ನು ಸಾಲಾಗಿ ಓದಿದರೆ ಸಾಲದು, ಚಕ್ರವಾಗಿ ಬರೆದು ನೋಡಬೇಕು. ಪಾದಕ್ಕೆ 19 ಅಕ್ಷರ. ಮೊದಲ ಮೂರು ಪಾದಗಳು ಚಕ್ರವನ್ನು ಅಡ್ಡಹಾಯ್ದು ಆರು ಕಡ್ಡಿಗಳಾಗುತ್ತವೆ. ಮೂರಕ್ಕೂ ಹತ್ತನೆಯ ಅಕ್ಷರ ಒಂದೇ, ಅದು ನಡುವಿನ ಗುಂಬ. ನಾಲ್ಕನೆಯ ಪಾದ ಅಂಚಿನ ಸುತ್ತ ಓಡಿ ಹೊರಟಲ್ಲಿಗೇ ಬರುತ್ತದೆ. ಹೊರಗಿನಿಂದ ಮೂರನೆಯ ಸುತ್ತಿನಲ್ಲಿ, ಇದು ಮಾಘನ ಕಾವ್ಯ ಎಂಬ ಮಾತು ಅಡಗಿದೆ. ಆರನೆಯ ಸುತ್ತಿನಲ್ಲಿ ಕಾವ್ಯದ ಹೆಸರು. ಕವಿ ತನ್ನ ಹಕ್ಕುಸ್ವಾಮ್ಯವನ್ನು ತಾನೇ ಕಾಯ್ದಿರಿಸಿಕೊಂಡ ಎನ್ನೋಣ.

ಇದನ್ನು ಬರೀ ಕಸರತ್ತು ಎಂದು ಮೂಗು ಮುರಿಯುವವರಿದ್ದಾರೆ, ಅದರಲ್ಲಿ ತಪ್ಪೂ ಇಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ ಚಿತ್ರಕವಿತ್ವವನ್ನು ಚರ್ಚಿಸಿದರೂ ಕನ್ನಡದ ದೊಡ್ಡ ಕವಿಗಳು ಅದಕ್ಕೆ ಅಷ್ಟಾಗಿ ಮರುಳಾಗಲಿಲ್ಲ. ಆದರೆ ಎಣಿಕೆಯನ್ನು ಗಮನಿಸಿ. ‘ಕಾವ್ಯ’ದ ‘ವ್ಯ’ದಲ್ಲಿ ಎರಡು ವ್ಯಂಜನ, ಒಂದು ಸ್ವರ, ಚಕ್ರದಲ್ಲಿ ಅದಕ್ಕಿರುವುದು ಒಂದೇ ಮನೆ. ಆಕಾರದೊಳಗೆ ಪಠ್ಯ ತುಂಬುವ ನಮ್ಮ ಹಳೆಯ ಲೆಕ್ಕ ಇದು: ಅಕ್ಷರವೆಂದರೆ ಒಡೆಯದ ಘಟಕ.

ಮುಂಬೈಯಲ್ಲಿ ಗಣಪತ್ ಕೃಷ್ಣಾಜಿ 1831ರಲ್ಲಿ ಪಂಚಾಂಗವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಕಲ್ಲಚ್ಚು ಕೈಬರಹದ ಮಗು. ಕುಂಡಲಿಯ ತ್ರಿಕೋನವೇ ಇರಲಿ, ವೃತ್ತವೇ ಇರಲಿ, ಲಿಪಿಕಾರನ ಕೈ ಬಾಗಿದಂತೆ ಬರಹವೂ ಬಾಗುತ್ತದೆ. ಕನ್ನಡಕ್ಕೂ ಈ ಋಣವಿದೆ. ಬಾಸೆಲ್ ಮಿಶನ್ನಿನ ವೈಗ್ಲೆ 1841ರಲ್ಲಿ ಮಂಗಳೂರಿಗೆ ಕಲ್ಲಚ್ಚಿನ ಯಂತ್ರ ತಂದದ್ದು ಮುಂಬೈಯಿಂದಲೇ. ಎರಡು ವರ್ಷದ ಮೇಲೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಹೊರಬಂತು.

ಸೀಸದ ಮೊಳೆಗೆ ಆ ಸಲುಗೆಯಿಲ್ಲ. ಅದು ಚೌಕ, ಅದನ್ನು ಬಿಗಿಯುವ ಚೌಕಟ್ಟೂ ಚೌಕ. ಜಾವಜಿ ದಾದಾಜಿ 1869ರಲ್ಲಿ ಆರಂಭಿಸಿದ ನಿರ್ಣಯಸಾಗರ ಮುದ್ರಣಾಲಯ ಕಾಲ್ಬಾದೇವಿಯ ಕೋಲಭಾಟ್ ಗಲ್ಲಿಯಿಂದ ದೇಶಕ್ಕೆಲ್ಲ ಸಂಸ್ಕೃತ ಪುಸ್ತಕ ಕಳಿಸಿತು, ಮಲ್ಲಿನಾಥನ ವ್ಯಾಖ್ಯಾನದೊಡನೆ ಮಾಘನನ್ನೂ. ಅಲ್ಲಿನ ಮೊಳೆಗಳ ಚಂದಕ್ಕೆ ಕಾರಣ ಅಚ್ಚು ಕೊರೆಯುತ್ತಿದ್ದ ರಾಣೋಜಿ ರಾವಜಿ ಆರು. ಮೊಳೆ ಜೋಡಿಸುವವನಿಗೆ ಅಕ್ಷರ ಎಲ್ಲಿ ಮುಗಿಯುತ್ತದೆಂದು ಗೊತ್ತಿತ್ತು. ಸಾಲು ತುಂಬಿತೆಂದು ಅವನು ‘ವ’ವನ್ನು ಮೇಲೆ ಬಿಟ್ಟು ಯಕಾರವನ್ನು ಕೆಳಗಿನ ಸಾಲಿಗೆ ತಳ್ಳುತ್ತಿರಲಿಲ್ಲ.

ಕಂಪ್ಯೂಟರ್ ತಳ್ಳಿತು. ಪೇಜ್‌ಮೇಕರ್, ಇಲಸ್ಟ್ರೇಟರ್‌ಗಳಿಗೆ ಮೊದಲು ಗೊತ್ತಿದ್ದದ್ದು ರೋಮನ್ ಲಿಪಿ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷಿನ ಅಕ್ಷರ, ಚಿಹ್ನೆಗಳ ಜಾಗದಲ್ಲಿ ನಮ್ಮ ಕೊಂಬು, ದೀರ್ಘ, ಒತ್ತುಗಳನ್ನು ಬಿಡಿಬಿಡಿಯಾಗಿ ಕೂರಿಸಿದ್ದವು. ಅಗಲ ಸಾಲಿನಲ್ಲಿ ತೊಂದರೆ ಕಾಣುತ್ತಿರಲಿಲ್ಲ. ವೃತ್ತದ ತಲೆಯ ಹತ್ತಿರ, ಎಲೆಯ ತುದಿಯಲ್ಲಿ, ಸಾಲು ಎರಡು ಬೆರಳಗಲಕ್ಕೆ ಇಳಿದಾಗ ನೋಡಬೇಕು. ವಿಭಕ್ತಿಯ ಮೇಲೆ ವಿಭಕ್ತಿ ಹತ್ತಿಸಿಕೊಂಡ ಕನ್ನಡದ ಪದ ಅಲ್ಲಿ ಹಿಡಿಸದು. ಯಂತ್ರ ಅದನ್ನು ತೋಚಿದಲ್ಲಿ ಕತ್ತರಿಸುತ್ತದೆ, ಒತ್ತಕ್ಷರವೊಂದು ಮುಂದಿನ ಸಾಲಿನ ಮೊದಲಲ್ಲಿ ಅನಾಥವಾಗಿ ನಿಲ್ಲುತ್ತದೆ. ತಪ್ಪು ಹಿಡಿಯುವುದು ಕನ್ನಡ ಓದಬಲ್ಲವರಿಂದ ಮಾತ್ರ ಸಾಧ್ಯ, ವಿನ್ಯಾಸಗಾರ ಎಷ್ಟೋ ಸಲ ಓದಬಲ್ಲವನಲ್ಲ.

ಇದಕ್ಕೆ ಮದ್ದು ಅರೆದವರಲ್ಲಿ ಮುಂಬೈಯ ಆರ್. ಕೆ. ಜೋಶಿ ಒಬ್ಬರು. ಉಲ್ಕಾ ಜಾಹೀರಾತು ಸಂಸ್ಥೆಯಲ್ಲಿದ್ದು, ಪವಾಯಿಯ ಐಐಟಿಯಲ್ಲಿ ಅಕ್ಷರಕಲೆ ಕಲಿಸಿದ ಮರಾಠಿಗ. ಅವರ ನೇತೃತ್ವದಲ್ಲಿ ರೂಪುಗೊಂಡ ‘ತುಂಗಾ’ 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂತು. ಯೂನಿಕೋಡಿನಲ್ಲಿ ವ್ಯಂಜನ, ವಿರಾಮ, ವ್ಯಂಜನ ಎಂದು ಸಾಲಾಗಿ ಇರುವುದನ್ನು ಫಾಂಟಿನೊಳಗಿನ ನಿಯಮಗಳು ಒಂದೇ ‘ವ್ಯ’ ಆಗಿ ಕೂಡಿಸುತ್ತವೆ. ಜೋಶಿ 2008ರಲ್ಲಿ ತೀರಿಕೊಂಡರು. ಇನ್‌ಡಿಸೈನ್ ಕನ್ನಡವನ್ನು ಒಪ್ಪಿಕೊಂಡದ್ದು 2012ರಲ್ಲಿ. ಅದೂ ಪ್ಯಾರಾದ ಆಯ್ಕೆಗಳಲ್ಲಿ ‘ವರ್ಲ್ಡ್-ರೆಡಿ’ ಎಂಬುದನ್ನು ಹುಡುಕಿ ಒತ್ತಿದರೆ. ಒತ್ತದಿದ್ದರೆ ‘ವ್ಯ’ ಮತ್ತೆ ಬಿಡಿಬಿಡಿ.