ಗೋಲ್ಕೊಂಡಾದಲ್ಲಿ ಗಣಿ ಎಲ್ಲೈತಿ?

ಊರಿಂದ ನೆಂಟರು ಬಂದರೆ ಮಾದಾಪುರದ ನಮ್ಮ ಮನೆಯಿಂದ ಮೊದಲ ಸವಾರಿ ಗೋಲ್ಕೊಂಡಾ ಕೋಟೆಗೆ. ಇಪ್ಪತ್ತು ವರ್ಷದಿಂದ ಇದೇ ರೂಢಿ. ಈ ಸಲ ವಿಜಯಪುರದಿಂದ ಬಂದಿದ್ದ ಅಕ್ಕನ ಮಗ ಕೋಟೆ ಹತ್ತಿ ಸುತ್ತಲೂ ನೋಡಿ ಕೇಳಿದ, "ಮಾಮಾ, ವಜ್ರದ ಗಣಿ ಎಲ್ಲೈತಿ?"

"ಇಲ್ಲಿ ಗಣಿ ಇರಲೇ ಇಲ್ಲಪ್ಪಾ" ಅಂದೆ. ಪಾಪ, ಅವನ ಮುಖ ಸಣ್ಣದಾಯಿತು.

ನಿಜ ಕಣ್ರೀ, ಗೋಲ್ಕೊಂಡಾ ಇದ್ದದ್ದು ವಜ್ರದ ಪೇಟೆಯಾಗಿ. ಕೋಟೆಯ ಗುಡ್ಡವೂ ಮಾದಾಪುರದ ಬಂಡೆಗಳೂ ಗ್ರಾನೈಟ್. ಅದರಲ್ಲಿ ವಜ್ರ ಹುಟ್ಟುವುದಿಲ್ಲ. ವಜ್ರ ಅಂದರೆ ಬರೀ ಇಂಗಾಲ, ಪೆನ್ಸಿಲ್ಲಿನ ಗ್ರಾಫೈಟಿನ ಹಾಗೆ. ಆದರೆ ನೆಲದಡಿ ಸುಮಾರು 150 ಕಿ.ಮೀ. ಆಳದ ಒತ್ತಡ ಮತ್ತು ಕಾವಿನಲ್ಲಿ ಒಂದೊಂದು ಪರಮಾಣುವೂ ಇನ್ನು ನಾಲ್ಕರ ಜೊತೆ ಬಿಗಿಯಾಗಿ ಹೆಣೆದುಕೊಳ್ಳುತ್ತದೆ. ಅದಕ್ಕೇ ಆ ಗಟ್ಟಿತನ. ಕಿಂಬರ್ಲೈಟ್‌ನಂಥ ಕರಗಿದ ಶಿಲೆ ಅದನ್ನು ಮೇಲಕ್ಕೆ ಹೊತ್ತು ತಂದಿತು. ಮಳೆ, ಹೊಳೆಗಳು ಕೊಚ್ಚಿ ಕೃಷ್ಣೆಯ ದಂಡೆಯ ಜಲ್ಲಿಗೆ ಸೇರಿಸಿದವು.

ಆ ದಂಡೆಯಲ್ಲೇ ಇತ್ತು ಕೊಲ್ಲೂರು ಗಣಿ, ಗೋಲ್ಕೊಂಡಾದಿಂದ ಏಳು ದಿನದ ದಾರಿ. 17ನೇ ಶತಮಾನದಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ಟ್ಯಾವೆರ್ನಿಯೆ ಅಲ್ಲಿ ಸುಮಾರು 60,000 ಜನ ದುಡಿಯುತ್ತಿದ್ದರು ಅಂತ ಬರೆದಿದ್ದಾನೆ. ಗಂಡಸರು ಅಗೆಯೋದು, ಹೆಂಗಸರು ಮಕ್ಕಳು ಮಣ್ಣು ಹೊರೋದು. ಆಮೇಲೆ ಆ ಮಣ್ಣನ್ನು ತೊಳೆದು, ಒಣಗಿಸಿ, ಕೇರಿ, ಕಲ್ಲು ಆರಿಸೋದು.

ಅವನು ಕಂಡ ಇನ್ನೊಂದು ಗಣಿ ರಾವುಲಕೊಂಡ. ಅದು ನಮ್ಮ ಬಿಜಾಪುರದ ಆದಿಲ್‌ಶಾಹಿಗಳ ಸೀಮೆ! ಅಲ್ಲಿಯ ಕಸುಬುದಾರನ ಗಳಿಕೆ ವರ್ಷಕ್ಕೆ ಮೂರು ವರಹ. ಕಲ್ಲು ಕದ್ದಾರೆಂದು ಐವತ್ತು ಆಳಿಗೆ ಹತ್ತು ಹದಿನೈದು ಕಾವಲುಗಾರರು ಬೇರೆ.

ಕಾಲ ಹೇಗೆ ತಿರುಗಿತು ನೋಡಿ. 1720ರ ದಶಕದಲ್ಲಿ ಬ್ರೆಜಿಲ್, 1860ರ ದಶಕದಲ್ಲಿ ದಕ್ಷಿಣ ಆಫ್ರಿಕಾ ವಜ್ರ ಕೊಡತೊಡಗಿದವು. ನಿಜಾಮರ ಹೆಸರಾಂತ ಜೇಕಬ್ ವಜ್ರ, 184.75 ಕ್ಯಾರೆಟ್ಟಿನದು, ಆಫ್ರಿಕಾದ ಕಲ್ಲೇ! ಕೊನೆಯ ನಿಜಾಮರು ಅದನ್ನು ಕಾಗದ ಹಾರದಂತೆ ಮೇಲಿಡುತ್ತಿದ್ದರಂತೆ. 1995ರಲ್ಲಿ ಭಾರತ ಸರ್ಕಾರ ನಿಜಾಮರ ಒಡವೆಗಳನ್ನು 218 ಕೋಟಿ ರೂಪಾಯಿಗೆ ಕೊಂಡಾಗ ಅದೂ ಬಂತು. ಕೊಲ್ಲೂರು ಈಗ ಪುಲಿಚಿಂತಲ ಜಲಾಶಯದ ನೀರಲ್ಲಿದೆ.

ಹೆಸರು ಉಳಿದದ್ದು ಮಾರಿದ ಊರಿನದು. ಅಗೆದವರದು ಒಂದೂ ಇಲ್ಲ.

ಮಾದಾಪುರದ ಗಾಜಿನ ಕಟ್ಟಡಗಳು ಏಳುವುದನ್ನು ನೋಡುತ್ತಲೇ ಇಲ್ಲಿ ವಯಸ್ಸಾದವನು ನಾನು. ಮಣ್ಣು ಹೊತ್ತವರಲ್ಲಿ ಪಾಲಮೂರಿನವರಿದ್ದರು, ನಮ್ಮ ರಾಯಚೂರು, ಕಲಬುರಗಿ ಕಡೆಯವರೂ ಇದ್ದರು. ಕನ್ನಡ ಕೇಳಿ ಮಾತಾಡಿಸಿದ್ದೇನೆ. ಹೆಸರು ಕೇಳಲಿಲ್ಲವಲ್ಲ ಅಂತ ಅವತ್ತು ಕೋಟೆ ಇಳಿಯುವಾಗ ಅನ್ನಿಸಿತು.